ಲಂಟಾನದ ಪೊದೆ

ಹಿರೀಸಾವೆ, ಚನ್ನರಾಯಪಟ್ಟಣಗಳ ಕಡೆ ತೋಟದ ಬೇಲಿಗಳಲ್ಲಿಯೂ ಬೀಳುನೆಲಗಳಲ್ಲಿಯೂ ಒಂದು ಮುಳ್ಳುಪೊದೆಯನ್ನು ನೀವು ನೋಡಿರುತ್ತೀರಿ. ಹಳದಿ, ನಸುಗೆಂಪು ಬಣ್ಣಗಳು ಬೆರೆತ ಹೂಗೊಂಚಲು. ಹೊಸಕಿದರೆ ಘಾಟು ಬೀರುವ ಒರಟು ಎಲೆ. ಮಾಗಿದಾಗ ಕಪ್ಪಾಗಿ ಹೊಳೆಯುವ ಪುಟ್ಟ ಹಣ್ಣು. ಇದೇ ಲಂಟಾನ. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಹೂವಿನ ಚೆಲುವಿಗೆ ಮಾರುಹೋದ ಆಂಗ್ಲರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲಂಕಾರಕ್ಕೆಂದು ಬಂದುದು ಬೇಲಿಗಾಯಿತು. ಬಳಿಕ ಬೇಲಿಯನ್ನು ದಾಟಿತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇದಕ್ಕೆ ಅಕ್ಷರಶಃ ಸಲ್ಲುತ್ತದೆ.

ಲಂಟಾನವು ಹಬ್ಬುವ ಬಗೆ ವಿಸ್ಮಯಕರವಾದುದು. ಪಿಕಳಾರ ಮೊದಲಾದ ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ದೂರ ದೂರ ಬಿತ್ತುತ್ತವೆ. ನೆಲಕ್ಕೆ ತಾಗಿದ ಕೊಂಬೆ ಅಲ್ಲಿಯೇ ಬೇರೂರುತ್ತದೆ. ಮರದ ಆಸರೆ ದೊರೆತರೆ ಪೊದೆಯು ಬಳ್ಳಿಯಂತೆ ಮೇಲೇರುತ್ತದೆ. ಅದರ ಒತ್ತಾದ ನೆರಳಿನಲ್ಲಿ ಹುಲ್ಲು ಬೆಳೆಯದು, ಮರದ ಸಸಿ ತಲೆಯೆತ್ತದು. ದನಗಳು ಸಾಮಾನ್ಯವಾಗಿ ಇದನ್ನು ಮುಟ್ಟವು. ಮೇವಿಲ್ಲದ ಕಾಲದಲ್ಲಿ ಹಸಿವು ತಾಳಲಾರದೆ ತಿಂದವುಗಳಿಗೆ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ. ಬಿಸಿಲು ತಗುಲಿದ ಚರ್ಮ ಬಿರಿದು ಹುಣ್ಣಾಗುತ್ತದೆ.

ಊರಿನಲ್ಲಿ ದನದ ಮೇವನ್ನು ಕಸಿದ ಗಿಡ ಕಾಡಿನಲ್ಲಿ ಜಿಂಕೆ, ಕಾಟಿಗಳ ಮೇವನ್ನೂ ಕಸಿದಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಭಾರತದ ಹುಲಿಗಳ ನೆಲೆಯಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಭಾಗವನ್ನು ಲಂಟಾನವು ಆಕ್ರಮಿಸಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ಹಗುರವಾದ ತರಗು ಬೆಂಕಿ ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೆಯೇ ಪೊದೆ ಹೆಚ್ಚಿತೆಂಬುದು ಅವರ ಅನುಭವ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರಾದರೋ ಇದರ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ ಬುಟ್ಟಿಗಳನ್ನು ಹೆಣೆಯುತ್ತಾರೆ. ಆದರೆ ಕುರ್ಚಿಗೆ ಬೇಕಾದ ಕಡ್ಡಿ ಎಷ್ಟು, ಕಾಡಿನಲ್ಲಿರುವ ಪೊದೆ ಎಷ್ಟು!

ಮಚ್ಚಿನಿಂದ ಸವರಿದರೆ ಈ ಗಿಡ ಸಾಯುವುದಿಲ್ಲ. ಒಂದು ಕಾಂಡವಿದ್ದೆಡೆ ಹಲವು ಚಿಗುರುಗಳು ಏಳುತ್ತವೆ. ಕಾಂಡವು ಬೇರಾಗಿ ಮಾರ್ಪಡುವ ಗಂಟಿನಲ್ಲಿ ಮೊಗ್ಗುಗಳು ಅಡಗಿರುವುದೇ ಇದಕ್ಕೆ ಕಾರಣ. ದೆಹಲಿ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ಸಿ. ಆರ್. ಬಾಬು ಅವರು ಬಳಕೆಗೆ ತಂದ ಕ್ರಮದಲ್ಲಿ, ನೆಲದೊಳಗೆ ಒಂದೆರಡು ಅಂಗುಲ ಆಳದಲ್ಲಿ, ಆ ಗಂಟಿನ ಕೆಳಗೆ ಬೇರನ್ನು ಕಡಿಯುತ್ತಾರೆ. ಬಳಿಕ ಪೊದೆಯನ್ನು ತಲೆಕೆಳಗಾಗಿ ಇರಿಸಿ ಒಣಗಲು ಬಿಡುತ್ತಾರೆ. ಕೆಲಸ ಶ್ರಮದ್ದು, ನಿಜ. ವರ್ಷವರ್ಷವೂ ಸವರುವ ಶ್ರಮವೇನು ಕಡಿಮೆಯೇ? ಇಷ್ಟಾದ ಮೇಲೂ ಹಕ್ಕಿಗಳು ಕೂರುವ ಮರಗಳ ಬುಡವನ್ನು ನೋಡುತ್ತಿರಬೇಕು. ಹೊಸ ಸಸಿಗಳು ಮೊದಲು ಹುಟ್ಟುವುದು ಅಲ್ಲಿಯೇ. ಮಳೆ ಬಿದ್ದು ಮಣ್ಣು ಮೆದುವಾಗಿರುವಾಗ ಅವು ಕೈಯಿಂದ ಎಳೆದರೂ ಬೇರುಸಹಿತ ಬರುತ್ತವೆ.