ಕ್ಯಾಟಲಿಟಿಕ್ ಕನ್ವರ್ಟರ್: ಮುಂದೂಡಿದ ಚಿಕ್ಕ ದುರಸ್ತಿಯ ದೊಡ್ಡ ಬೆಲೆ

ಶಹಾಬಾದಿನ ಫರಸಿ ಕಲ್ಲಿನ ಗಣಿ, ವಾಡಿಯ ಸಿಮೆಂಟು ಕಾರ್ಖಾನೆ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ತೊಗರಿ ವಹಿವಾಟು, ಹೀಗೆ ಖರೀದಿಗೂ ವಸೂಲಿಗೂ ದಿನವಿಡೀ ಓಡುವ ಪೆಟ್ರೋಲ್ ಕಾರು ಇಲ್ಲಿನ ವರ್ತಕರಿಗೆ ತಕ್ಕಡಿಯಷ್ಟೇ ಅವಶ್ಯಕ. ಅದರ ಹೊಗೆ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕಡೆಗೆ ಮಾತ್ರ ಗಮನ ಹೋಗುವುದು ಕೆಟ್ಟ ಮೇಲೆಯೇ.

ಜೇನುಗೂಡಿನಂತಹ ಪಿಂಗಾಣಿ ಇಟ್ಟಿಗೆಯ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪನವಿರುವುದರಿಂದಲೇ ಇದರ ಬೆಲೆ ಹೆಚ್ಚು. ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು 1995ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಲೇಪನವನ್ನು ಹಾಳುಮಾಡುವ ಸೀಸವಿಲ್ಲದ ಪೆಟ್ರೋಲ್ 2000ದ ಫೆಬ್ರವರಿಯಿಂದ ದೇಶದೆಲ್ಲೆಡೆ ಬಂದಿತು.

ಬಿಸಿಯಾಗುವುದು ಇದರ ಸಹಜ ಗುಣ. ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆಯೇ ಇದು ಸರಿಯಾಗಿ ಕೆಲಸ ಮಾಡುತ್ತದೆ. ಇದನ್ನು ಕೊಲ್ಲುವುದು ಕಲಬುರಗಿ ಸೀಮೆಯ ಬಿಸಿಲಲ್ಲ, ಎಂಜಿನ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಮಿಸ್ ಹೊಡೆದರೆ, ಆ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ. ಶಾಖ ಸಾವಿರ ಡಿಗ್ರಿ ದಾಟಿದರೆ ಲೇಪನ ಸತ್ತುಹೋಗುತ್ತದೆ. ಇನ್ನೂ ಏರಿದರೆ ಇಟ್ಟಿಗೆಯೇ ಕರಗಿ ಹೊಗೆಯ ದಾರಿ ಮುಚ್ಚುತ್ತದೆ. ಆಗ ಪಿಕಪ್ ಕುಗ್ಗಿ ಪೆಟ್ರೋಲ್ ಖರ್ಚು ಏರುತ್ತದೆ.

ಆದ್ದರಿಂದ ಎಂಜಿನ್ ದೀಪ ಮಿನುಗತೊಡಗಿದರೆ 'ಸಂತೆ ಮುಗಿಸಿ ನೋಡೋಣ' ಎನ್ನಬಾರದು. ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಕಾರನ್ನು ಮತ್ತೆಮತ್ತೆ ತಳ್ಳಿ ಸ್ಟಾರ್ಟ್ ಮಾಡುವುದು, ಪ್ಲಗ್ ವೈರ್ ಕಿತ್ತು ಎಂಜಿನ್ ಓಡಿಸಿ ಪರೀಕ್ಷಿಸುವ ಹಳೆಯ ಗ್ಯಾರೇಜು ಪದ್ಧತಿ, ಎರಡೂ ಇದಕ್ಕೆ ಮಾರಕ. ಎಂಜಿನ್ ಆಯಿಲ್ ಸುಡುತ್ತಿದ್ದರೂ ಲೇಪನ ಕೆಡುತ್ತದೆ. ಗಣಿ ರಸ್ತೆಯಲ್ಲಿ ಕಾರಿನ ತಳ ಕಲ್ಲಿಗೆ ಬಡಿದರೆ ಇಟ್ಟಿಗೆ ಒಡೆಯಬಹುದು; ಒಳಗೆ ಗಡಗಡ ಸದ್ದು ಅದರ ಗುರುತು. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಒಣ ಪೈರು ತಳಕ್ಕೆ ಸಿಕ್ಕಿಕೊಂಡರೆ ಬೆಂಕಿಯ ಭಯವುಂಟು. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಹಾಗೆಯೇ.

ಇನ್ನು ಲೆಕ್ಕದ ಮಾತು. ಬಿಡಿಭಾಗಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಜಿಎಸ್‌ಟಿ ಇದೆ. ಆದರೆ ವರ್ತಕರು ತಮ್ಮ ಓಡಾಟಕ್ಕೆ ಇಟ್ಟ ಕಾರಿನ ದುರಸ್ತಿಗೆ ತೆತ್ತ ತೆರಿಗೆಗೆ ಕಲಂ 17(5)ರಂತೆ ಹೂಡುವಳಿ ತೆರಿಗೆ ಜಮೆ ದೊರೆಯದು. ಅಷ್ಟೂ ಕೈಯಿಂದ ಹೋದ ಹಣ. ಸರಕು ಸಾಗಿಸುವ ಪೆಟ್ರೋಲ್ ಟೆಂಪೊಗೆ ಈ ತಡೆಯಿಲ್ಲ, ವ್ಯವಹಾರ ತೆರಿಗೆಗೆ ಒಳಪಟ್ಟಿದ್ದರೆ ಜಮೆ ಪಡೆಯಬಹುದು. ಎರಡೂ ವಾಹನಗಳ ಬಿಲ್ಲನ್ನು ಒಂದೇ ಖಾತೆಗೆ ಹಾಕುವ ಗುಮಾಸ್ತರು ಇಲ್ಲಿಯೇ ಎಡವುತ್ತಾರೆ.

ಕನ್ವರ್ಟರ್ ಬದಲಿಸಲೇಬೇಕಾದರೆ ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬಾರದು. ಅದರೊಳಗಿನ ಲೋಹಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯುಂಟು. ರಸೀದಿ ಪಡೆದು ಮಾರಿ, ಬಂದ ಹಣವನ್ನು ಪುಸ್ತಕದಲ್ಲಿ ಜಮಾ ತೋರಿಸಬೇಕು.