ವ್ಯಾಯಾಮಕ್ಕೆ ಮೊದಲು ಆಗಬೇಕಾದ ಪರೀಕ್ಷೆ

ವ್ಯಾಯಾಮವು ಆರೋಗ್ಯಕ್ಕೆ ಹಿತಕರವೆಂಬುದನ್ನು ಇಂದು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ತಾಲೂಕು ಕೇಂದ್ರಗಳಲ್ಲಿಯೂ ಜಿಮ್‌ಗಳು ತೆರೆದಿವೆ. ಅಲ್ಲಿಗೆ ಹೋಗುವವರು ಕಾಲೇಜು ಹುಡುಗರು ಮಾತ್ರವಲ್ಲ. ಸಕ್ಕರೆ ಕಾಯಿಲೆ ಕಂಡುಬಂದ ಶಿಕ್ಷಕರು, ಮೊಣಕಾಲು ನೋವಿನ ಗೃಹಿಣಿಯರು, ಅಂಗಡಿಯ ಗಲ್ಲಾದ ಮುಂದೆ 30 ವರ್ಷ ಕುಳಿತು ಹೊಟ್ಟೆ ಬಂದ ವ್ಯಾಪಾರಸ್ಥರು, ಮಕ್ಕಳ ಒತ್ತಾಯಕ್ಕೆ ಮಣಿದ ನಿವೃತ್ತರು ಎಲ್ಲರೂ ಅಲ್ಲಿದ್ದಾರೆ. ಮೊದಲ ದಿನ ನಡೆಯುವುದು ಸಾಮಾನ್ಯವಾಗಿ ಹೀಗೆ: ಹಣ ಕಟ್ಟಿ ರಸೀದಿ ಪಡೆಯುತ್ತಾರೆ, ಒಂದು ಹಾಳೆಗೆ ಓದದೆಯೇ ಸಹಿ ಹಾಕುತ್ತಾರೆ, ಐದು ನಿಮಿಷದಲ್ಲಿ ಟ್ರೆಡ್‌ಮಿಲ್ ಮೇಲೆ ಇರುತ್ತಾರೆ. ಆ ಸಹಿಗೂ ಟ್ರೆಡ್‌ಮಿಲ್‌ಗೂ ನಡುವೆ ಆಗಬೇಕಾದ ಅರ್ಧ ಗಂಟೆಯ ಕೆಲಸವೊಂದಿದೆ. ಆರೋಗ್ಯದ ವಿಚಾರಣೆ ಮತ್ತು ದೇಹಸಾಮರ್ಥ್ಯದ ಅಳತೆ ಎಂಬ ಆ ಕೆಲಸವನ್ನೇ ಈ ತಿಂಗಳು ಅಭ್ಯಾಸಕ್ಕೆ ಎತ್ತಿಕೊಂಡಿದ್ದೇವೆ.

ನಮ್ಮ ನಾಡಿನ ಗರಡಿಮನೆಗಳಲ್ಲಿ ಇಂತಹ ಹಾಳೆ ಇರಲಿಲ್ಲ. ಅದರ ಅಗತ್ಯವೂ ಹೆಚ್ಚಾಗಿ ಬೀಳುತ್ತಿರಲಿಲ್ಲ. ಹುಡುಗ ಅದೇ ಕೇರಿಯವನು, ಅವನ ಮನೆಯವರು ವಸ್ತಾದರಿಗೆ ಪರಿಚಿತರು, ಹತ್ತು ದಂಡೆಗಳಿಂದ ಆರಂಭಿಸಿದವನು ನೂರಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಇಂದಿನ ತರಬೇತುದಾರನಿಗೆ ಎದುರಿಗೆ ನಿಂತ 52 ವರ್ಷದ ಗೃಹಸ್ಥರ ಬಗ್ಗೆ ಏನೂ ತಿಳಿದಿರುವುದಿಲ್ಲ. ಕೇಳಿಯೇ ತಿಳಿದುಕೊಳ್ಳಬೇಕು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡೇ ತತ್ತರಿಸಿತು. ಆ ವಾರ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನರು ಸಾಲುಗಟ್ಟಿದರು. ಆ ದುಃಖದಲ್ಲಿ ಜನರು ಎರಡು ತೀರ್ಮಾನಗಳಿಗೆ ಬಂದುದನ್ನು ನಾವು ಕಂಡೆವು. ವ್ಯಾಯಾಮವೇ ಅಪಾಯ, ಮನೆಯಲ್ಲಿ ಸುಮ್ಮನಿರುವುದೇ ಕ್ಷೇಮ ಎಂಬುದು ಮೊದಲನೆಯದು. ಒಮ್ಮೆ ಇ.ಸಿ.ಜಿ. ಮಾಡಿಸಿಕೊಂಡರೆ ಸಾಕು, ಬಳಿಕ ಹೇಗೆ ಬೇಕಾದರೂ ವ್ಯಾಯಾಮ ಮಾಡಬಹುದು ಎಂಬುದು ಎರಡನೆಯದು. ಎರಡೂ ಸರಿಯಲ್ಲ.

ಅಪಾಯವು ನಿಜವಾಗಿ ಎಲ್ಲಿದೆ ಎಂಬುದನ್ನು 1993ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಸ್ಪಷ್ಟವಾಗಿ ತೋರಿಸಿತು. ಹೃದಯಾಘಾತಕ್ಕೆ ಒಳಗಾದ 1,228 ಮಂದಿಯನ್ನು ವಿಚಾರಿಸಿ, ಆಘಾತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಅವರು ಏನು ಮಾಡುತ್ತಿದ್ದರೆಂದು ದಾಖಲಿಸಲಾಯಿತು. ವಾರಕ್ಕೆ ಐದು ದಿನ ಅಥವಾ ಹೆಚ್ಚು ದಿನ ಶ್ರಮದ ರೂಢಿಯಿದ್ದವರಲ್ಲಿ ತೀವ್ರ ಶ್ರಮದಿಂದ ಆ ಹೊತ್ತಿನ ಅಪಾಯ ಸುಮಾರು ಎರಡೂವರೆ ಪಟ್ಟು ಏರಿತ್ತು. ವಾರಕ್ಕೆ ಒಂದು ಸಲವೂ ಶ್ರಮಪಡದವರಲ್ಲಿ ಅದು ನೂರು ಪಟ್ಟನ್ನೂ ಮೀರಿತ್ತು. ಈ ಅಂಕಿಯನ್ನು ಕಂಡು ಗಾಬರಿಯಾಗುವುದು ಬೇಡ. ಯಾವುದೇ ಒಂದು ಗಂಟೆಯಲ್ಲಿ ಒಬ್ಬರಿಗೆ ಹೃದಯಾಘಾತವಾಗುವ ಸಂಭವವೇ ಅತ್ಯಂತ ಕಡಿಮೆ, ಅದರ ನೂರು ಪಟ್ಟೆಂದರೂ ಸಣ್ಣದೇ. ಆದರೆ ಅದರಲ್ಲಿರುವ ಸೂಚನೆ ಬಹಳ ಮುಖ್ಯವಾದುದು. ರೂಢಿಯಿಲ್ಲದ ದೇಹಕ್ಕೆ ಒಮ್ಮೆಲೇ ಬೀಳುವ ತೀವ್ರ ಶ್ರಮದಲ್ಲಿ ಅಪಾಯವಿದೆ, ಆ ಅಪಾಯವನ್ನು ತಗ್ಗಿಸುವುದೂ ಕ್ರಮವಾದ ವ್ಯಾಯಾಮವೇ. ಹಾಗಾದರೆ ಯಾರನ್ನು ಮೆಲ್ಲಗೆ ನಡೆಸಬೇಕು, ಯಾರನ್ನು ಮೊದಲು ವೈದ್ಯರ ಬಳಿಗೆ ಕಳುಹಿಸಬೇಕು ಎಂದು ವಿಂಗಡಿಸುವುದೇ ಮೊದಲ ದಿನದ ಕೆಲಸ.

ಏಳು ಪ್ರಶ್ನೆಗಳು

ಈ ವಿಂಗಡಣೆಗೆ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1970ರ ದಶಕದಲ್ಲಿ ಒಂದು ಪ್ರಶ್ನಾವಳಿ ಸಿದ್ಧವಾಯಿತು. ಮುಂದೆ ಪರಿಷ್ಕೃತಗೊಂಡು ಏಳು ಪ್ರಶ್ನೆಗಳ ರೂಪದಲ್ಲಿ ಹಲವು ದೇಶಗಳಿಗೆ ಹರಡಿತು. ಅದರ ಸಾರ ಇಷ್ಟು: ಹೃದಯದ ತೊಂದರೆಯಿದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೆ? ಶ್ರಮಪಟ್ಟಾಗ ಎದೆ ನೋಯುತ್ತದೆಯೆ? ಕಳೆದ ತಿಂಗಳಲ್ಲಿ ಸುಮ್ಮನೆ ಕುಳಿತಾಗಲೂ ಎದೆನೋವು ಬಂದದ್ದುಂಟೆ? ತಲೆಸುತ್ತಿ ತೋಲನ ತಪ್ಪುವುದು, ಪ್ರಜ್ಞೆ ತಪ್ಪುವುದು ಇದೆಯೆ? ಓಡಾಟದಿಂದ ಹೆಚ್ಚಾಗಬಹುದಾದ ಮೂಳೆ ಅಥವಾ ಕೀಲಿನ ತೊಂದರೆ ಇದೆಯೆ? ರಕ್ತದೊತ್ತಡಕ್ಕೋ ಹೃದಯಕ್ಕೋ ಔಷಧಿ ನಡೆಯುತ್ತಿದೆಯೆ? ವ್ಯಾಯಾಮ ಮಾಡಬಾರದೆನ್ನಲು ಬೇರೆ ಯಾವುದಾದರೂ ಕಾರಣ ತಮಗೆ ತಿಳಿದಿದೆಯೆ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಮೊದಲು ವೈದ್ಯರನ್ನು ಕಾಣಬೇಕು. ಆ ಪ್ರಶ್ನಾವಳಿಯು 15ರಿಂದ 69 ವರ್ಷದವರಿಗೆಂದು ರಚಿತವಾದುದು. 69 ದಾಟಿದವರು, ಶ್ರಮದ ರೂಢಿಯಿಲ್ಲದಿದ್ದರೆ, ಉತ್ತರ ಏನೇ ಇದ್ದರೂ ವೈದ್ಯರ ಸಲಹೆ ಪಡೆಯುವುದು ಲೇಸು.

ಪ್ರಶ್ನೆಗಳು ಸರಳವಾಗಿವೆ. ಉತ್ತರಗಳು ಅಷ್ಟು ಸರಳವಲ್ಲ. ನಮ್ಮಲ್ಲಿ ಎದೆನೋವಿಗೆ ಎದೆನೋವು ಎಂಬ ಹೆಸರೇ ಇಲ್ಲ, ಅದರ ಹೆಸರು ಗ್ಯಾಸ್ಟ್ರಿಕ್. ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಕಲ್ಲಿಟ್ಟಂತಾಗಿ, ನಿಂತರೆ ಎರಡು ನಿಮಿಷದಲ್ಲಿ ಇಳಿಯುವ ಬಿಗಿತಕ್ಕೂ ಜನರು ಸೋಡಾ ಕುಡಿದು ಸುಮ್ಮನಾಗುತ್ತಾರೆ. ಶ್ರಮದೊಡನೆ ಬಂದು ವಿಶ್ರಾಂತಿಯೊಡನೆ ಹೋಗುವ ಎದೆಯ ಬಿಗಿತ, ಉರಿ, ಭಾರ, ಎಡತೋಳಿಗೋ ದವಡೆಗೋ ಹಬ್ಬುವ ನೋವು ಹೃದಯದ್ದಲ್ಲವೆಂದು ಪರೀಕ್ಷೆಯಿಂದ ಖಚಿತವಾಗುವವರೆಗೆ ಅದನ್ನು ಹೃದಯದ್ದೆಂದೇ ಭಾವಿಸಬೇಕು. ಸ್ತ್ರೀಯರಲ್ಲಿ ಮತ್ತು ಮಧುಮೇಹಿಗಳಲ್ಲಿ ನೋವಿಲ್ಲದೆ, ಬರಿಯ ಏದುಸಿರು, ಬೆವರು, ಹೇಳಲಾಗದ ಸುಸ್ತು ಇಷ್ಟರಿಂದಲೇ ಅದು ತೋರಿಕೊಳ್ಳಬಹುದು. ಆದುದರಿಂದ ಎದೆ ನೋಯುತ್ತದೆಯೆ ಎಂದಷ್ಟೇ ಕೇಳದೆ, ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲನ್ನು ಈಗ ನಡುವೆ ನಿಂತು ಹತ್ತುತ್ತೀರಾ ಎಂದು ಕೇಳುವ ತರಬೇತುದಾರನೇ ಜಾಣ.

ರಕ್ತದೊತ್ತಡದ ಪ್ರಶ್ನೆಗೆ ಬರುವ ಉತ್ತರ ಇನ್ನೂ ಸ್ವಾರಸ್ಯವಾಗಿರುತ್ತದೆ. "ಸರ್, ನಿಮಗೆ ಬಿ.ಪಿ. ಇದೆಯಾ?" ಎಂದು ಹುಡುಗ ಕೇಳಿದರೆ, "ಇಲ್ಲಪ್ಪಾ, ದಿನಾ ಮಾತ್ರೆ ತಗೋತೀನಿ, ಎಲ್ಲಾ ನಾರ್ಮಲ್ ಇದೆ" ಎನ್ನುತ್ತಾರೆ. ಮಾತ್ರೆಯಿಂದ ಹತೋಟಿಯಲ್ಲಿರುವ ರಕ್ತದೊತ್ತಡವೂ ರಕ್ತದೊತ್ತಡವೇ. ಅದನ್ನು ಮರೆಮಾಚಬೇಕೆಂಬ ಉದ್ದೇಶ ಅವರಿಗಿರುವುದಿಲ್ಲ, ತಾವು ರೋಗಿಯಲ್ಲವೆಂದು ಮನಸಾರೆ ನಂಬಿರುತ್ತಾರೆ. ಹಾಗಾಗಿ ರೋಗದ ಹೆಸರು ಕೇಳುವುದಕ್ಕಿಂತ ಮಾತ್ರೆಗಳ ಪಟ್ಟಿಯನ್ನೇ ತರಹೇಳುವುದು ಒಳ್ಳೆಯದು. ಹಿಂದಿನ ಶಸ್ತ್ರಚಿಕಿತ್ಸೆ, ಸ್ತ್ರೀಯರಾದರೆ ಗರ್ಭ ಮತ್ತು ಇತ್ತೀಚಿನ ಹೆರಿಗೆ, ತಂದೆ ತಾಯಿ ಒಡಹುಟ್ಟಿದವರಲ್ಲಿ ಚಿಕ್ಕ ವಯಸ್ಸಿನ ಹಠಾತ್ ಮರಣ, ಇವನ್ನೂ ಹೇಳಬೇಕು. ನಾಲ್ಕು ಜನರ ಮುಂದೆ ಇದನ್ನೆಲ್ಲ ಹೇಳಲು ಸಂಕೋಚವಾಗುವುದು ಸಹಜ. ಪ್ರತ್ಯೇಕವಾಗಿ ಕೇಳುವುದೂ, ಬರೆದಿಟ್ಟುದನ್ನು ಇತರರಿಗೆ ತೋರಿಸದಿರುವುದೂ ತರಬೇತುದಾರನ ಕರ್ತವ್ಯ.

ಹಾಗಾದರೆ ಎಲ್ಲರೂ ವೈದ್ಯರ ಚೀಟಿ ತರಬೇಕೆ? ಬೇಕಿಲ್ಲ. ಅಮೆರಿಕದ ಕ್ರೀಡಾ ವೈದ್ಯಕೀಯ ಮಹಾವಿದ್ಯಾಲಯವೆಂಬ ವೃತ್ತಿಸಂಸ್ಥೆ 2015ರಲ್ಲಿ ತನ್ನ ಹಳೆಯ ಕ್ರಮವನ್ನು ಬದಲಿಸಿ ಮೂರು ಸಂಗತಿಗಳನ್ನು ಮಾತ್ರ ನೋಡಬೇಕೆಂದಿತು: ಈಗ ಎಷ್ಟು ಶ್ರಮದ ರೂಢಿಯಿದೆ, ಹೃದಯ, ಮಧುಮೇಹ, ಮೂತ್ರಪಿಂಡ ಇವುಗಳ ರೋಗವೋ ಲಕ್ಷಣವೋ ಇದೆಯೆ, ಮಾಡಬೇಕೆಂದಿರುವ ವ್ಯಾಯಾಮ ಎಷ್ಟು ತೀವ್ರವಾದುದು. ರೋಗವೂ ಇಲ್ಲದ ಲಕ್ಷಣವೂ ಇಲ್ಲದ ವ್ಯಕ್ತಿ, ವಯಸ್ಸಾಗಿದ್ದರೂ, ಹಗುರವಾದ ನಡಿಗೆಯಿಂದ ಇಂದೇ ಆರಂಭಿಸಬಹುದು. ರೋಗವಿದ್ದು ರೂಢಿಯಿಲ್ಲದವರು ವೈದ್ಯರನ್ನು ಕಂಡು ಆರಂಭಿಸಬೇಕು. ಲಕ್ಷಣವಿರುವವರು, ಎಷ್ಟೇ ರೂಢಿಯಿದ್ದರೂ, ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಈ ಬದಲಾವಣೆ ನಮಗೆ ಒಪ್ಪಿಗೆಯಾಗಿದೆ. ತಪಾಸಣೆಯ ಖರ್ಚಿಗೆ ಅಂಜಿ ನಡಿಗೆಯನ್ನೇ ಬಿಟ್ಟವರನ್ನು ನಾವು ಬಹಳ ಕಂಡಿದ್ದೇವೆ.

ಇ.ಸಿ.ಜಿ.ಯ ಬಗೆಗೆ ಒಂದು ಮಾತು. ಮಲಗಿದಾಗ ತೆಗೆದ ಇ.ಸಿ.ಜಿ. ಆ ಕ್ಷಣದ ಹೃದಯದ ಚಿತ್ರ. ರಕ್ತನಾಳದಲ್ಲಿ ಕಿರಿದಾದ ಜಾಗಗಳಿದ್ದರೂ ವಿಶ್ರಾಂತಿಯಲ್ಲಿ ಅದು ಸರಿಯಾಗಿಯೇ ಬರಬಹುದು. ಆಸ್ಪತ್ರೆಯ ಟಿ.ಎಂ.ಟಿ.ಯಲ್ಲಿ ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾ ಇ.ಸಿ.ಜಿ. ತೆಗೆಯುತ್ತಾರೆ. ಲಕ್ಷಣವಿದ್ದವರಿಗೆ ಅದು ಉಪಯುಕ್ತ. ಏನೂ ಲಕ್ಷಣವಿಲ್ಲದವರಿಗೆ, ಅದರಲ್ಲಿಯೂ ಸ್ತ್ರೀಯರಿಗೆ, ಇಲ್ಲದ ರೋಗವನ್ನು ಇದೆಯೆಂದು ತೋರಿಸಿ ಅನವಶ್ಯಕ ಭಯ ಹುಟ್ಟಿಸುವುದೂ ಉಂಟು.

ಅಳತೆಗಳು

ವಿಚಾರಣೆ ಮುಗಿದ ಮೇಲೆ ಅಳತೆ. ರಕ್ತದೊತ್ತಡವನ್ನು ಬಂದ ಕೂಡಲೆ ನೋಡಬಾರದು. ಚಹಾ, ಕಾಫಿ, ಧೂಮಪಾನಗಳಿಂದ ಅರ್ಧ ಗಂಟೆ ದೂರವಿದ್ದು, ಮೂತ್ರವಿಸರ್ಜನೆ ಮಾಡಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಎರಡು ಸಲ ನೋಡಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಸುಳ್ಳಾಗಿ ಏರುತ್ತದೆ. 140/90 ಅಥವಾ ಅದಕ್ಕಿಂತ ಹೆಚ್ಚು ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಬೇಕು. 180/110 ಮುಟ್ಟಿದರೆ ಆ ದಿನ ವ್ಯಾಯಾಮ ಬೇಡ, ಮೊದಲು ವೈದ್ಯರು.

ತೂಕಕ್ಕಿಂತ ಸೊಂಟದ ಸುತ್ತಳತೆ ನಮ್ಮ ಜನರಿಗೆ ಹೆಚ್ಚು ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಟೇಪು ಹಿಡಿಯಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನಾವೇ. ಭಾರತೀಯರಲ್ಲಿ ಪುರುಷರಿಗೆ 90 ಸೆಂಟಿಮೀಟರ್, ಸ್ತ್ರೀಯರಿಗೆ 80 ಸೆಂಟಿಮೀಟರ್ ಮಿತಿ. ಸ್ತ್ರೀಯರ ಅಳತೆಯನ್ನು ಸ್ತ್ರೀಯರೇ ತೆಗೆಯುವ ಏರ್ಪಾಡನ್ನು ಸಂಕೋಚವಿಲ್ಲದೆ ಕೇಳಿರಿ.

ಕಾಲಿನ ಬಲಕ್ಕೆ ಕುರ್ಚಿಯ ಪರೀಕ್ಷೆಗಿಂತ ಸುಲಭವಾದುದಿಲ್ಲ, ಮನೆಯಲ್ಲಿಯೂ ಮಾಡಬಹುದು. ಸುಮಾರು 43 ಸೆಂಟಿಮೀಟರ್ ಎತ್ತರದ ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟುಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕುಳಿತುಕೊಳ್ಳಬಹುದೆಂದು ಎಣಿಸಬೇಕು. ಅಮೆರಿಕದ ಪಟ್ಟಿಯಂತೆ 60ರಿಂದ 64ರ ವಯಸ್ಸಿನಲ್ಲಿ ಪುರುಷರು 14ಕ್ಕಿಂತ, ಸ್ತ್ರೀಯರು 12ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಭಯ ಹೆಚ್ಚು. ಕೈಯೂರದೆ ಏಳಲಾಗದಿದ್ದರೆ ಎಣಿಕೆ ಸೊನ್ನೆ. ವಯೋವೃದ್ಧರಿಗೆ ಇನ್ನೊಂದು: ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಮೊದಲು ಸಮತೋಲನದ ಅಭ್ಯಾಸ, ಆಮೇಲೆ ಉಳಿದದ್ದು. ಉಸಿರಿನ ಸಾಮರ್ಥ್ಯಕ್ಕೆ ಆರು ನಿಮಿಷದಲ್ಲಿ ಎಷ್ಟು ದೂರ ನಡೆದಿರೆಂದು ಅಳೆದರೆ ಸಾಕು. ಈ ಅಂಕಿಗಳನ್ನು ಪಕ್ಕದವರದರೊಡನೆ ಹೋಲಿಸಬೇಡಿ. ಬರೆದಿಟ್ಟು, ಎಂಟು ವಾರಗಳ ಬಳಿಕ ಅದೇ ಕುರ್ಚಿಯಲ್ಲಿ ಮತ್ತೆ ನೋಡಿರಿ.

ನಾಡಿಬಡಿತದ ಲೆಕ್ಕದಲ್ಲಿ ಎಚ್ಚರ ಬೇಕು. 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತ ಇಷ್ಟೆಂದು ಗೋಡೆಯ ಮೇಲೆ ಬರೆದಿರುತ್ತಾರೆ. ಅದು ಅಂದಾಜು, ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತಗಳ ಅಂತರ ಸಾಮಾನ್ಯ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಪೂರ್ತಿ ತಪ್ಪು, ಏಕೆಂದರೆ ಆ ಮಾತ್ರೆಗಳು ಬಡಿತವನ್ನು ಏರಗೊಡುವುದಿಲ್ಲ. ಗೋಡೆಯ ಅಂಕಿಯನ್ನು ಮುಟ್ಟಲು ಹೋಗಿ ಅವರು ದೇಹವನ್ನು ಹಿಂಸಿಸಿಕೊಳ್ಳುತ್ತಾರೆ. ಇಂಥವರಿಗೆ ಮಾತೇ ಮಾಪನ: ನಡೆಯುತ್ತಾ ಪೂರ್ಣ ವಾಕ್ಯ ಆಡಲಾಗಬೇಕು, ಹಾಡಲಾಗಬಾರದು.

ಮಧುಮೇಹಿಗಳಲ್ಲಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮೊದಲು ಸಕ್ಕರೆ ನೋಡಿಕೊಳ್ಳಬೇಕು. 90ಕ್ಕಿಂತ ಕಡಿಮೆಯಿದ್ದರೆ ಮೊದಲು ಬಾಳೆಹಣ್ಣಿನಂತಹ ಏನನ್ನಾದರೂ ತಿನ್ನಬೇಕು. 250 ದಾಟಿದ್ದು ವಾಕರಿಕೆ, ವಿಪರೀತ ಬಾಯಾರಿಕೆ, ಸುಸ್ತು ಇದ್ದರೆ ಆ ದಿನ ಬೇಡ. ಖಾಲಿ ಹೊಟ್ಟೆಯಲ್ಲಿ ನಸುಕಿನ ವ್ಯಾಯಾಮ ಇವರಿಗೆ ಹೇಳಿದ್ದಲ್ಲ. ಪಾದಗಳ ಸ್ಪರ್ಶಜ್ಞಾನ ಕುಂದಿದ್ದರೆ ಬರಿಗಾಲಿನ ನಡಿಗೆಯಿಂದ ಆದ ಗಾಯ ನೋವಿಲ್ಲದೆಯೇ ಬೆಳೆಯುತ್ತದೆ, ಪ್ರತಿದಿನ ಪಾದ ನೋಡಿಕೊಳ್ಳಬೇಕು. ಕಣ್ಣಿನ ಪರದೆಗೆ ಮಧುಮೇಹ ತಟ್ಟಿದವರು ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಒಳಗೆ ರಕ್ತಸ್ರಾವವಾಗಬಹುದು. ಕಣ್ಣಿನ ವೈದ್ಯರ ಅನುಮತಿಯಿಲ್ಲದೆ ಅವರು ಭಾರಕ್ಕೆ ಕೈಹಾಕಕೂಡದು.

ತರಬೇತುದಾರನು ವೈದ್ಯನಲ್ಲ. ಇನ್ನು ಮಾತ್ರೆ ಬಿಡಬಹುದೆಂದು ಹೇಳುವ, ಮೊದಲ ವಾರವೇ ಪ್ರೋಟೀನ್ ಪುಡಿಯ ಡಬ್ಬ ಮಾರುವ ತರಬೇತುದಾರನಿಂದ ದೂರವಿರುವುದು ಮೇಲು. ತಮ್ಮ ಉತ್ತರವನ್ನು ಕೇಳಿ, ವೈದ್ಯರನ್ನು ಕಂಡು ಬರುವವರೆಗೆ ಹಣ ಬೇಡವೆನ್ನುವವನು ಸಿಕ್ಕಿದರೆ ಅವನನ್ನು ಬಿಡಬೇಡಿ. ಅವನು ತಮ್ಮ ಮಗನ ವಯಸ್ಸಿನವನಾಗಿದ್ದರೂ ಅವನ ಪ್ರಶ್ನೆಗೆ ಬೇಸರಿಸದೆ ಉತ್ತರಿಸಿರಿ.

ಎಲ್ಲ ಪರೀಕ್ಷೆಯೂ ಸರಿಯಾಗಿ ಬಂದವರಿಗೂ ವ್ಯಾಯಾಮದ ನಡುವೆ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ, ತಣ್ಣನೆಯ ಬೆವರು ಬಂದರೆ, ಬಡಿತ ಅಡ್ಡಾದಿಡ್ಡಿಯಾದರೆ ಕೂಡಲೆ ನಿಲ್ಲಿಸಿ ಕುಳಿತುಕೊಳ್ಳಬೇಕು. ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ ಸ್ಕೂಟರ್ ಏರಿ ಮನೆಗೆ ಹೋಗದೆ 108ಕ್ಕೆ ಕರೆ ಮಾಡಿಸಬೇಕು. ಇಳಿದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ನಮ್ಮ ರಾಜ್ಯ ಸರ್ಕಾರವು 2023ರಲ್ಲಿ ಪುನೀತ್ ಅವರ ಹೆಸರಿನಲ್ಲಿಯೇ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿದೆ. ಇದರಡಿ ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಹೃದಯಾಘಾತವೆಂದು ಖಚಿತವಾದವರಿಗೆ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ತಮ್ಮ ಊರಿನಿಂದ ಯಾವ ಆಸ್ಪತ್ರೆಯಲ್ಲಿ ಇದು ದೊರೆಯುತ್ತದೆಂದು ಜಿಮ್ಮಿಗೆ ಸೇರುವ ಮೊದಲೇ ವಿಚಾರಿಸಿಕೊಂಡು, ಮನೆಯವರಿಗೂ ತಿಳಿಸಿಡಿ.