ಕಟ್ಟಿಗೆಯ ಚೌಕಟ್ಟಿನ ಮನೆಗಳು

ಕ್ರಿಸ್ಮಸ್ ಹಬ್ಬದ ಚಿತ್ರಪತ್ರಗಳಲ್ಲಿ ಬಿಳಿಯ ಗೋಡೆಯ ಮೇಲೆ ಕರಿಯ ತೊಲೆಗಳು ಅಡ್ಡವಾಗಿಯೂ ಓರೆಯಾಗಿಯೂ ಹಾಯ್ದಿರುವ ಮನೆಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಕಂಡಿರುವರು. ಆ ಗೆರೆಗಳು ಬರಿಯ ಶೃಂಗಾರವೆಂದು ಅನೇಕರು ಎಣಿಸುವದುಂಟು. ಹಾಗಲ್ಲ, ಅವು ಮನೆಯ ಎಲುಬುಗಳು. ಜರ್ಮನಿ, ಫ್ರಾನ್ಸ, ಇಂಗ್ಲಂಡ ದೇಶಗಳಲ್ಲಿ ಒಂದು ತೊಲೆಯ ತುದಿಯನ್ನು ಮತ್ತೊಂದರ ತೂತಿನಲ್ಲಿ ಕೂಡ್ರಿಸಿ, ಕಟ್ಟಿಗೆಯ ಗೂಟ ಜಡಿದು ಚೌಕಟ್ಟನ್ನು ನಿಲ್ಲಿಸುತ್ತಿದ್ದರು. ನಡುವಣ ತೆರಪುಗಳನ್ನು ಹೆಣೆದ ಕಡ್ಡಿಗಳಿಂದಲೂ ಮಣ್ಣಿನಿಂದಲೂ ತುಂಬುತ್ತಿದ್ದರು. ಭಾರ ಹೊರುವದು ಮರ. ಮಣ್ಣು ಗಾಳಿಯನ್ನು ತಡೆಯುವದಷ್ಟೇ. ಚೆಶೈರ ಪ್ರಾಂತದ ಲಿಟ್ಲ್ ಮೋರ್ಟನ್ ಹಾಲ್ ಎಂಬ ಮನೆಯು 16ನೆಯ ಶತಮಾನದಿಂದ ಇಂದಿನ ವರೆಗೆ, ಮೈಯೆಲ್ಲ ಸೊಟ್ಟಗಾದರೂ, ನಿಂತೇ ಇದೆ.

1666ರ ದೊಡ್ಡ ಬೆಂಕಿಯ ತರುವಾಯ ಲಂಡನ್ ಪಟ್ಟಣದಲ್ಲಿ ಇಟ್ಟಿಗೆ ಕಲ್ಲುಗಳಿಂದಲೇ ಕಟ್ಟಬೇಕೆಂಬ ಕಟ್ಟಳೆಯಾಯಿತು. 19ನೆಯ ಶತಮಾನದಲ್ಲಿ ಟ್ಯೂಡರ್ ಅರಸರ ಕಾಲದ ರೀತಿಯ ಮೇಲೆ ಜನರಿಗೆ ಮತ್ತೆ ಮೋಹ ಹುಟ್ಟಿತು. ಆದರೆ ಬಹಳ ಕಡೆಗೆ ಇಟ್ಟಿಗೆಯ ಗೋಡೆಗೆ ಹಲಿಗೆ ಬಡಿದು ತೃಪ್ತಿಪಟ್ಟರು. 1924ರಲ್ಲಿ ಲಂಡನ್ನಿನ ಲಿಬರ್ಟಿ ಅಂಗಡಿಯನ್ನು ಕಟ್ಟಿದವರು ಮಾತ್ರ ಎರಡು ಹಳೆಯ ಯುದ್ಧನೌಕೆಗಳ ಮರವನ್ನು ತಂದು ಬಳಸಿದರು. ನಮ್ಮ ಬೆಂಗಳೂರ ಅರಮನೆಯೂ ಟ್ಯೂಡರ್ ರೀತಿಯದೆಂದು ಹೆಸರಾಗಿದೆ. ಆದರೆ ಅಲ್ಲಿ ಕಣ್ಣಿಗೆ ಬೀಳುವದು ಕೋಟೆಯಂಥ ಬುರುಜುಗಳೂ ತೆನೆಗಳೂ.

ನಿಜವಾದ ಚೌಕಟ್ಟಿನ ಕೆಲಸವನ್ನು ನೋಡಬೇಕೆಂಬವರು ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಓಣಿಗಳಿಗೆ ಹೋಗಬಹುದೆಂದರೆ ವಾಚಕರು ನಗಬಾರದು. ಮೇಲ್ಮುದ್ದೆಯ ಮನೆಯ ಪಡಸಾಲೆಯಲ್ಲಿ ನಿಂತು ತಲೆಯೆತ್ತಿರಿ. ಅಡಿಗಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿಗಳು. ಅವೆಲ್ಲವುಗಳ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಸವಳು ಮಣ್ಣನ್ನು ಹರಡುವದನ್ನು ಯಾವ ಅಜ್ಜಿಯೂ ಮರೆಯಲಾರಳು. ಅಡಿಗಲ್ಲು ಕಂಬವನ್ನು ನೆಲದ ಹಸಿಗೂ ಗೆದ್ದಲಿಗೂ ದೂರವಿಡುತ್ತದೆ.

ಇದರ ಉಪಯೋಗವನ್ನು ಎರೆಯ ನೆಲವೇ ಕಲಿಸುತ್ತದೆ. ಎರೆಮಣ್ಣು ಮಳೆಗೆ ಉಬ್ಬುವದು, ಬೇಸಿಗೆಗೆ ಬಿರಿಯುವದು. ಅದರೊಡನೆ ಗೋಡೆಯೂ ಬಿರುಕು ಬಿಡುವದು. ಗೋಡೆಯ ಒಂದು ಮಗ್ಗಲು ಕುಸಿದರೂ ಮಾಳಿಗೆಯು ಕಂಬಗಳ ಮೇಲೆ ಹಾಗೆಯೇ ಉಳಿದದ್ದನ್ನು ನಾವು ಕಣ್ಣಾರೆ ಕಂಡಿರುವೆವು. ಯುರೋಪದವರು ಎಲುಬನ್ನು ಹೊರಗೆ ತೋರಿಸಿದರು. ನಮ್ಮವರು ಬಿಸಿಲಿಗಂಜಿ ದಪ್ಪ ಮಣ್ಣಿನ ಗೋಡೆಯ ಒಳಗೆ ಬಚ್ಚಿಟ್ಟರು. ಆದುದರಿಂದಲೇ ಅದರ ಚಿತ್ರವು ಯಾವ ಹಬ್ಬದ ಪತ್ರದ ಮೇಲೆಯೂ ಬರಲಿಲ್ಲವೇನೋ!

ಈಗ ಸಿಮೆಂಟಿನ ಮನೆ ಕಟ್ಟುವ ಆತುರದಲ್ಲಿ ಕೆತ್ತನೆಯ ಬೋದಿಗೆಗಳು ಕಟ್ಟಿಗೆಯ ದರಕ್ಕೆ ಮಾರಿಹೋಗುತ್ತಿವೆ. ಹೊಸ ಮನೆ ಬೇಡವೆಂದು ನಾವು ಹೇಳುವದಿಲ್ಲ. ಸೋರುವ ಮಾಳಿಗೆಯ ಕೆಳಗೆ ಮಲಗುವ ಕಷ್ಟವು ನಮಗೂ ಗೊತ್ತು. ಆದರೆ ಪಾಲಕರೇ, ಕಂಬ ಕೀಳುವ ಮುನ್ನ ಹಿರಿಯ ಬಡಿಗರೊಬ್ಬರನ್ನು ಕರೆಯಿಸಿ, ಕೂಡುಗಳನ್ನು ಮಗಳಿಗೆ ತೋರಿಸಿ ಹೇಳಿಸಿರಿ. ಅವಳು ಅಳತೆ ಹಿಡಿದು ನಕ್ಷೆ ಬರೆದು ತಂದರೆ ಸಾಲೆಯ ಗೋಡೆಯ ಮೇಲೆ ಅದಕ್ಕೆ ಸ್ಥಳವಿದೆ.